ಯಾರೂ ಹೇಳಿಕೊಡದ ಪಾಠ: ಮಂಡ್ಯದ ಒಂದು ನಲಿಕಲಿ ತರಗತಿಯ ಪ್ರಕರಣ

ಮೊಟ್ಟೆ ಕೊಡುವ ದಿನ ಮಗು ಮೊಟ್ಟೆ ಬೇಡ ಅಂದರೆ ಅಲ್ಲಿ ಏನೋ ಆಗಿದೆ ಅಂತಲೇ ಅರ್ಥ. ಬಿಸಿಯೂಟದ ಸಾಲಿನಲ್ಲಿ ಮಕ್ಕಳು ಆ ದಿನಕ್ಕಾಗಿ ಕಾಯುತ್ತಾರೆ. ಎರಡನೇ ತರಗತಿಯ ಒಬ್ಬ ಹುಡುಗ ಮತ್ತೆ ಮತ್ತೆ "ಬ್ಯಾಡ್ರಿ" ಅಂತ ತಟ್ಟೆ ಹಿಂದಕ್ಕೆ ಎಳೆದುಕೊಂಡಾಗ ಟೀಚರಿಗೆ ಅನುಮಾನ ಬಂತು. ನಾನು ಶಾಲೆಗಳಿಗೆ ಹೋಗಿ ಟೀಚರ್‌ಗಳ ಜೊತೆ ಕೆಲಸ ಮಾಡುವವಳು. "ಒಂದ್ಸಲ ಬಂದು ಕೂತು ನೋಡಿ ಮೇಡಂ" ಅಂತ ಅವರು ಕರೆದರು. ಅಲ್ಲಿ ಕಂಡದ್ದನ್ನು, ಕೇಳಿದ್ದನ್ನು ಇಲ್ಲಿ ಬರೆದಿದ್ದೇನೆ. ಯಾರ ಹೆಸರೂ ಇಲ್ಲ, ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಾಯಿಸಿದ್ದೇನೆ.

ಮಂಡ್ಯ ತಾಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆ. ಹಿಂದುಗಡೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಒಂದು ಕವಲು, ಸುತ್ತ ಕಬ್ಬು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಒಬ್ಬರೇ ಟೀಚರ್. ಕಾರ್ಡುಗಳನ್ನು ಹಿಡಿದು ಪ್ರತಿ ಮಗು ತನ್ನ ವೇಗದಲ್ಲಿ ಕಲಿಯುವ ಈ ಪದ್ಧತಿಗೆ ನಲಿಕಲಿ ಅಂತಾರೆ. ಕಬ್ಬು ಕಡಿಯುವ ಕಾಲಕ್ಕೆ ಬಳ್ಳಾರಿ ಕಡೆಯಿಂದ ಕೂಲಿ ಗ್ಯಾಂಗುಗಳು ಬರುತ್ತವೆ. ಗದ್ದೆ ಬದಿಯಲ್ಲೇ ಟಾರ್ಪಾಲು ಕಟ್ಟಿಕೊಂಡು ಇರುತ್ತಾರೆ. ಆ ಹುಡುಗ ಅಂಥ ಒಂದು ಕುಟುಂಬದವನು, ಏಳು ವರ್ಷ. ಅಪ್ಪ ಅಮ್ಮ ಕತ್ತಲಿರುವಾಗಲೇ ಗದ್ದೆಗೆ ಹೋಗುತ್ತಾರೆ. ಹಾಗಾಗಿ ಇನ್ನೂ ಐದು ತುಂಬದ ತಂಗಿಯನ್ನೂ ಅವನೇ ಕೈಹಿಡಿದು ಶಾಲೆಗೆ ಕರೆತರುತ್ತಿದ್ದ.

ಮೊಟ್ಟೆ ಒಂದೇ ಅಲ್ಲ. ಅವನು ಶಾಲೆಯಲ್ಲಿ ನೀರು ಕುಡಿಯುವುದನ್ನೇ ಬಿಟ್ಟಿದ್ದ. ತಂದ ಬಾಟಲಿ ಖಾಲಿಯಾದರೆ ಸಂಜೆವರೆಗೂ ಹಾಗೇ ಇರುತ್ತಿದ್ದ. ಊಟಕ್ಕೆ ಅಡುಗೆಮನೆ ಗೋಡೆಗೆ ಒರಗಿ, ತಂಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಬೇರೆ ಮಕ್ಕಳ ಕಡೆ ಬೆನ್ನು ಮಾಡಿ ಉಣ್ಣುತ್ತಿದ್ದ. ತರಗತಿಯಲ್ಲಿ ಜಾಗ ಬದಲಾದಾಗ ಅವನ ಪಕ್ಕಕ್ಕೆ ಬಂದ ಇಬ್ಬರು ಎದ್ದುಬಿಟ್ಟರು. "ಅವ್ನ ಪಕ್ಕ ಕೂರಕಿಲ್ಲ ಮಿಸ್, ಹುಳ ಹತ್ಕತವೆ." ಟೀಚರ್ ಗದರಿಸಿದ ಮೇಲೆ ಕೂತರು. ಆದರೆ ಅವನ ಕಾಲು ತಗಲದ ಹಾಗೆ ತಮ್ಮ ಕಾಲು ಮಡಿಸಿಕೊಂಡೇ ಕೂತರು. ದೊಡ್ಡವರಿಗೆ "ರೀ" ಹಚ್ಚಿ ಮಾತಾಡುತ್ತಾನೆ ಅಂತ ಅವನಿಗೆ ಆಗಲೇ "ಏ ರೀ" ಅಂತ ಹೆಸರು ಬಿದ್ದಿತ್ತು.

ಟೀಚರ್ ಒಳ್ಳೆಯವರು, ಮಕ್ಕಳ ಮೇಲೆ ಪ್ರಾಣ. ತಕ್ಷಣ ಎಲ್ಲರನ್ನೂ ನಿಲ್ಲಿಸಿ "ನಾವೆಲ್ಲ ಒಂದೇ" ಅಂತ ಹೇಳಿಸಿದರು. ಮಕ್ಕಳು ಸೂರು ಹಾರುವ ಹಾಗೆ ಕೂಗಿ ಹೇಳಿದರು. ಮಧ್ಯಾಹ್ನ ಊಟಕ್ಕೆ ಕೂತಾಗ ಅಣ್ಣ ತಂಗಿಯ ಎರಡೂ ಪಕ್ಕ ಒಬ್ಬೊಬ್ಬರ ಜಾಗ ಖಾಲಿ ಇತ್ತು.

ಹುಳ ಎಲ್ಲಿಂದ ಬಂತು?

ಹುಳದ ಮಾತನ್ನು ಮೊದಲು ಆಡಿದವಳು ಒಂದನೇ ತರಗತಿಯ ಹುಡುಗಿ, ಆರು ವರ್ಷ. ಚುರುಕು. ಕಾರ್ಡುಗಳನ್ನು ಎಲ್ಲರಿಗಿಂತ ಬೇಗ ಮುಗಿಸುತ್ತಾಳೆ, ಬಿದ್ದ ಮಗುವನ್ನು ಓಡಿಹೋಗಿ ಎತ್ತುತ್ತಾಳೆ. ಇದನ್ನು ಬೇಕಂತಲೇ ಬರೆಯುತ್ತಿದ್ದೇನೆ. ಇಂಥ ಮಾತಾಡುವ ಮಗು ಕೆಟ್ಟ ಮಗು ಇರಬೇಕು ಅಂತ ನಾವು ಅಂದುಕೊಳ್ಳುತ್ತೇವೆ ಅಲ್ವಾ? ಅವಳು ಹಾಗಿರಲಿಲ್ಲ. ಗದರಿಸದೆ, ಹೊಂಗೆ ಮರದ ಕೆಳಗೆ ಕೂತು ಕೇಳಿದೆ.

"ಅವನಿಗೆ ಹುಳ ಅದೆ ಅಂತ ನಿಂಗೆ ಯಾರು ಹೇಳಿದ್ದು?"

"ಯಾರೂ ಹೇಳ್ನಿಲ್ಲ ಮಿಸ್. ನಂಗೇ ಗೊತ್ತು."

"ಹೆಂಗೆ ಗೊತ್ತಾಯ್ತು ಪುಟ್ಟಿ?"

"ಅವ್ನಿಗೊಬ್ನಿಗೇ ಹುಳದ ಮಾತ್ರೆ ಕೊಟ್ರಲ್ಲ."

ಪೂರ್ತಿ ಸುಳ್ಳಲ್ಲ. 2015ರಲ್ಲಿ ಶುರುವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು 1ರಿಂದ 19 ವರ್ಷದವರಿಗೆಲ್ಲ ಅಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. ಹುಳ ಇದೆಯೋ ಇಲ್ಲವೋ ಅಂತ ನೋಡಿ ಕೊಡುವುದಲ್ಲ, ಎಲ್ಲರಿಗೂ. ಆ ದಿನ ತಪ್ಪಿಸಿಕೊಂಡವರಿಗೆ ಕೆಲವು ದಿನ ಬಿಟ್ಟು ಇನ್ನೊಂದು ದಿನ ಇಟ್ಟಿರುತ್ತಾರೆ. ಈ ಹುಡುಗ ಶಾಲೆಗೆ ಸೇರಿದ್ದೇ ಮೊದಲ ದಿನ ಕಳೆದ ಮೇಲೆ. ಹಾಗಾಗಿ ಎರಡನೇ ಸಲ ಆರೋಗ್ಯ ಸಹಾಯಕಿ ಬಂದಾಗ ಅವನೊಬ್ಬನನ್ನೇ ಮುಂದಕ್ಕೆ ಕರೆದು, ಮಾತ್ರೆ ಅಗಿಸಿ, ನೀರು ಕುಡಿಸಿದರು. ಉಳಿದ ಮಕ್ಕಳು ಕೂತು ನೋಡಿದರು. ತಾವೂ ಅದೇ ಮಾತ್ರೆ ತಿಂದದ್ದು ಆಗಲೇ ಮರೆತಿತ್ತು. ಒಬ್ಬನನ್ನೇ ಕರೆದು ಕೊಟ್ಟರು ಅಂದರೆ ಅವನಲ್ಲಿ ಏನೋ ಇರಲೇಬೇಕು. ಆರು ವರ್ಷದ ತಲೆಗೆ ಇದು ಸರಿಯಾದ ಲೆಕ್ಕವೇ.

ಆದರೆ ಒಂದು ಮಾತ್ರೆಯಿಂದ ಇಷ್ಟೆಲ್ಲ ಆಗುವುದಿಲ್ಲ. ಜ್ವರ ಬಂದು ಆ ದಿನ ತಪ್ಪಿಸಿಕೊಂಡಿದ್ದ ಊರಿನ ಮಗುವೊಂದನ್ನೂ ಅವತ್ತು ಹೀಗೇ ಕರೆದು ಮಾತ್ರೆ ಕೊಟ್ಟಿದ್ದರು. ಅವಳಿಗೆ ಹುಳ ಇದೆ ಅಂತ ಯಾರೂ ಅನ್ನಲಿಲ್ಲ. ಆ ವಿಷಯ ಎತ್ತಿದರೆ ಹುಡುಗಿಗೆ ನೆನಪೂ ಇರಲಿಲ್ಲ. ಅವಳ ಕಣ್ಣಿಗೆ ಇವನೊಬ್ಬನೇ ಬಿದ್ದದ್ದು ಯಾಕೆ? ಇವನು ಬೇರೆ ಅನ್ನುವುದು ಅದಕ್ಕೂ ಮುಂಚೆಯೇ ತೀರ್ಮಾನ ಆಗಿತ್ತು. ಮಾತ್ರೆ ಅದಕ್ಕೊಂದು ಕಾರಣ ಒದಗಿಸಿತು ಅಷ್ಟೇ.

ಶಾಲೆ ಕಲಿಸಿದ್ದು

ಒಂದು ಬೆಳಗ್ಗೆಯಿಂದ ಸಂಜೆವರೆಗೆ ತರಗತಿಯ ಹಿಂದೆ ಕೂತು ಬರೆದುಕೊಂಡೆ. ಹುಡುಗನ ಹೆಸರು ಹಾಜರಿ ಪುಸ್ತಕದಲ್ಲಿ ಇಲ್ಲ. ಅವನ ಹೆಸರು ಇನ್ನೂ ಅವನೂರಿನ ಶಾಲೆಯಲ್ಲೇ ಇದೆ. ಅಲ್ಲಿಂದ ಟಿಸಿ (ವರ್ಗಾವಣೆ ಪತ್ರ) ಬಂದು, ಮಕ್ಕಳ ದಾಖಲಾತಿಯ ಸರ್ಕಾರಿ ಆನ್‌ಲೈನ್ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲಿ ಏರುವವರೆಗೆ ಇಲ್ಲಿ ಪ್ರತ್ಯೇಕ ಹಾಳೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಟಿಸಿ ಬರಲಿಲ್ಲ ಅಂತಲೋ ವಯಸ್ಸಿನ ದಾಖಲೆ ಇಲ್ಲ ಅಂತಲೋ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ. ಹೆಡ್‌ಮಾಸ್ಟರ್ ಅದನ್ನು ಪಾಲಿಸಿದ್ದರು, ಸಂತೋಷದಿಂದಲೇ ಸೇರಿಸಿಕೊಂಡಿದ್ದರು. ಸೇರಿಸಿಕೊಂಡ ಮೇಲೆ ನಡೆಯುತ್ತಿದ್ದದ್ದು ಇದು: ಎಲ್ಲರ ಹಾಜರಿ ಮುಗಿದ ಮೇಲೆ "ಕಬ್ಬಿನ ಮಕ್ಕಳು ಎದ್ದು ನಿಲ್ಲಿ". ಮೊಟ್ಟೆ ಹಂಚುವಾಗ "ಕಬ್ಬಿನ ಮಕ್ಕಳದು ಆಮೇಲೆ, ಮಿಕ್ಕಿದ್ರೆ ನೋಡಣ". ಸಮವಸ್ತ್ರದ ಅಳತೆ ತೆಗೆಯುವಾಗ "ನೀವು ಹಿಂದೆ ಕೂತ್ಕಳಿ". ಒಂದರಲ್ಲೂ ಸಿಟ್ಟಿಲ್ಲ, ಅವಮಾನ ಮಾಡುವ ಉದ್ದೇಶವಿಲ್ಲ. ಲೆಕ್ಕ ತಪ್ಪಬಾರದು ಅಷ್ಟೇ. ಅವನು ಮೊಟ್ಟೆ ಬೇಡ ಅಂದದ್ದು ಯಾಕೆ ಅಂತ ಅವತ್ತು ಗೊತ್ತಾಯಿತು. ಮಿಕ್ಕಿದ್ದಕ್ಕೆ ಕಾಯುತ್ತಾ ನಿಲ್ಲುವುದಕ್ಕಿಂತ ಬೇಡ ಅನ್ನುವುದು ಅವನಿಗೆ ಮರ್ಯಾದೆ ಅನ್ನಿಸಿತ್ತು.

ಅಮೆರಿಕದ ಮನಶ್ಶಾಸ್ತ್ರಜ್ಞೆ ರೆಬೆಕಾ ಬಿಗ್ಲರ್ ಮತ್ತು ಜೊತೆಗಾರರು 1997ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಬೇಸಿಗೆ ಶಾಲೆಯ ಮಕ್ಕಳಿಗೆ ಅರ್ಧ ಜನಕ್ಕೆ ನೀಲಿ, ಅರ್ಧ ಜನಕ್ಕೆ ಹಳದಿ ಅಂಗಿ ಹಾಕಿಸಿದರು. ಕೆಲವು ತರಗತಿಗಳಲ್ಲಿ ಟೀಚರ್ ಆ ಬಣ್ಣದ ಮೇಲೇ ಸಾಲು ನಿಲ್ಲಿಸುವುದು, ಕೂರಿಸುವುದು, ಕರೆಯುವುದು ಮಾಡಿದರು. ಯಾವ ಬಣ್ಣವನ್ನೂ ಹೊಗಳಲಿಲ್ಲ, ತೆಗಳಲಿಲ್ಲ. ಬೇರೆ ತರಗತಿಗಳಲ್ಲಿ ಅಂಗಿ ಇದ್ದರೂ ಟೀಚರ್ ಬಣ್ಣದ ಮಾತೇ ಎತ್ತಲಿಲ್ಲ. ಬಣ್ಣ ಹಿಡಿದು ಕರೆದ ತರಗತಿಗಳಲ್ಲಿ ಮಕ್ಕಳು ತಮ್ಮ ಬಣ್ಣದವರೇ ಮೇಲು ಅನ್ನತೊಡಗಿದರು. ಸುಮ್ಮನೆ ಬಿಟ್ಟ ಕಡೆ ಹಾಗಾಗಲಿಲ್ಲ. ಅಂದರೆ ವ್ಯತ್ಯಾಸ ಕಣ್ಣಿಗೆ ಕಾಣುವುದಷ್ಟೇ ಸಾಲದು. ದೊಡ್ಡವರು ಆ ವ್ಯತ್ಯಾಸವನ್ನು ದಿನದ ಕೆಲಸಕ್ಕೆ ಬಳಸಿದಾಗ ಮಗು ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತದೆ. ಯಾಕೆ ಬೇರೆ ಅಂತ ನಾವು ಹೇಳದೆ ಬಿಟ್ಟ ಜಾಗದಲ್ಲಿ ಕಾರಣವನ್ನು ಅದೇ ಹುಟ್ಟಿಸಿಕೊಳ್ಳುತ್ತದೆ. ಈ ಶಾಲೆಯಲ್ಲಿ ಆ ಕಾರಣದ ಹೆಸರು ಹುಳ.

ಮನೆ ಕಲಿಸಿದ್ದು

ಹುಡುಗಿಯ ಮನೆಗೆ ಹೋದೆ. ಒಂದಿಷ್ಟು ಗದ್ದೆ, ಎರಡು ಹಸು, ತಿದ್ದಿ ಕಟ್ಟಿದ ಹಳೇ ಮನೆ. ಅಪ್ಪ ಡಿಗ್ರಿ ಓದಿದವರು. "ನಮ್ಮನೇಲಿ ಅಂಥಾ ಮಾತು ಆಡೋದೇ ಇಲ್ಲ ಮೇಡಂ. ಮಗಳಿಗೂ ಎಲ್ರೂ ಒಂದೇ ಅಂತಲೇ ಹೇಳ್ಕೊಟ್ಟಿರೋದು" ಅಂದರು. ನಂಬಿದೆ. ಈಗಲೂ ನಂಬುತ್ತೇನೆ. ಅಜ್ಜಿ ಜಗಲಿ ಮೇಲಿಂದಲೇ, "ನಾವು ಯಾರ್ನೂ ಒಂದು ಮಾತೂ ಅಂದಿಲ್ಲ ಕಣವ್ವ" ಅಂದರು.

ಅಷ್ಟು ಹೊತ್ತಿಗೆ ಕಾಫಿ ಬಂತು. ನನಗೆ ಸ್ಟೀಲ್ ಲೋಟ. ಹಿತ್ತಲಲ್ಲಿ ಕಬ್ಬಿನ ಕೂಲಿಯವರು ಇಬ್ಬರು ಕೂತಿದ್ದರು, ಅವರಿಗೆ ಪೇಪರ್ ಲೋಟ. ಹಿಂದೆ ಸೂರಿನ ಸಂದಿಯಲ್ಲಿ ಸಿಕ್ಕಿಸಿಟ್ಟ ಬೇರೆ ಲೋಟ ಇರುತ್ತಿತ್ತು, ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ. ಈಗ ಅದು ಹೋಯಿತು ಅಂತ ಜನ ಹೆಮ್ಮೆಯಿಂದ ಹೇಳುತ್ತಾರೆ. ಅದರ ಜಾಗಕ್ಕೆ ಪೇಪರ್ ಲೋಟ ಬಂದಿದೆ. ಕೇಳಿದರೆ ಕ್ಲೀನು, ತೊಳೆಯುವ ಕೆಲಸ ಇಲ್ಲ ಅನ್ನುತ್ತಾರೆ. ಮನೆಯವರಿಗೂ ನೆಂಟರಿಗೂ ತೊಳೆಯುವ ಕೆಲಸ ಇದ್ದೇ ಇದೆಯಲ್ಲ! ಪೇಪರ್ ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು ಹಿತ್ತಲಿಗೆ ಹೋಗಿ ಕೊಟ್ಟು ಬಂದವಳು ಆರು ವರ್ಷದ ಹುಡುಗಿಯೇ. ತಟ್ಟೆಯನ್ನು ಕೆಳಗೆ ಇಟ್ಟು, ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ಅವರು ತೆಗೆದುಕೊಂಡ ಮೇಲೆ ತಟ್ಟೆ ಎತ್ತಿಕೊಂಡು ಬಂದಳು. ಹೀಗೆ ಮಾಡು ಅಂತ ಆ ಹೊತ್ತಿನಲ್ಲಿ ಯಾರೂ ಹೇಳಲಿಲ್ಲ.

ಆ ಕೂಲಿಯವರ ಜಾತಿ ಯಾವುದು ಅಂತ ಈ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. "ಯಾವ ಜನವೋ ಏನೋ" ಅಂದರು ಅಜ್ಜಿ. ಗೊತ್ತಿಲ್ಲದಿದ್ದರೆ ಕೆಳಗಿನವರು ಅಂತಲೇ ಇಟ್ಟುಕೊಂಡು ನಡೆಯುವುದು ವಾಡಿಕೆ. ನನಗೆ ಇದು ಜಾತಿ ಹೇಳಿ ಬೈಯುವುದಕ್ಕಿಂತ ಆಳವಾದದ್ದು ಅನ್ನಿಸುತ್ತದೆ. ಬೈಗುಳವನ್ನು ಮಗು ಕೇಳಿಸಿಕೊಂಡರೆ ಅದರ ಬಗ್ಗೆ ಮಾತಾಡಬಹುದು, ಕೇಳಬಹುದು. ಈ ನಡವಳಿಕೆಯಲ್ಲಿ ಕೇಳಲಿಕ್ಕೆ ಒಂದು ಮಾತೂ ಇಲ್ಲ.

ಶಾಲೆಯಲ್ಲಿ ಅದರ ಫಲ ನೋಡಿದೆ. ಊಟದ ಬಿಡುವಿನಲ್ಲಿ ಚಿಕ್ಕ ಹುಡುಗಿಯರು ಮನೆ ಆಟ ಆಡುತ್ತಿದ್ದರು. ಇವಳು ಮನೆಯವ್ವ. ತೆಂಗಿನ ಚಿಪ್ಪಿನಲ್ಲಿ ನೀರು. ಹುಡುಗನ ತಂಗಿಯನ್ನೂ ಆಟಕ್ಕೆ ಸೇರಿಸಿಕೊಂಡಿದ್ದರು, ಕೂಲಿಯವಳಾಗಿ. ನೀರು ಕೊಡುವ ಸರದಿ ಬಂತು. ಇವಳು ಚಿಪ್ಪನ್ನು ತನ್ನ ಎದೆಯ ಮಟ್ಟಕ್ಕೆ ಎತ್ತಿ, ಮೈ ತುಸು ಹಿಂದಕ್ಕೆ ವಾಲಿಸಿ, ಮೇಲಿಂದ ಸಣ್ಣ ಧಾರೆಯಾಗಿ ಹುಯ್ದಳು. ಒಂದು ಹನಿಯೂ ತನ್ನ ಲಂಗದ ಮೇಲೆ ಬೀಳಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಚಿಕ್ಕದರ ಕೈ. ನೀರು ಬರುವ ಮುಂಚೆಯೇ ಅವಳು ಕುಕ್ಕರಗಾಲಲ್ಲಿ ಕೂತು, ಬೊಗಸೆ ಮಾಡಿ, ಬಾಯಿಗೆ ಹತ್ತಿರ ಹಿಡಿದಿದ್ದಳು. ಎಷ್ಟು ಎತ್ತರಕ್ಕೆ ಹಿಡಿಯಬೇಕು ಅಂತ ಇನ್ನೂ ಐದು ತುಂಬದ ಮಗುವಿಗೆ ಗೊತ್ತಿತ್ತು. ಹುಯ್ಯುವವಳು ಮಂಡ್ಯದಲ್ಲಿ ಕಲಿತದ್ದು, ಹಿಡಿಯುವವಳು ಬಳ್ಳಾರಿ ಸೀಮೆಯಲ್ಲಿ ಕಲಿತದ್ದು, ಎರಡೂ ಸರಿಯಾಗಿ ಕೂಡಿಕೊಂಡವು.

ಮೈಯ ಭಾಷೆಯಿಂದ ಮಕ್ಕಳು ಎಷ್ಟು ಬೇಗ ಕಲಿಯುತ್ತಾರೆ ಅನ್ನುವುದಕ್ಕೆ ಆಧಾರ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಅಲಿಸನ್ ಸ್ಕಿನ್ನರ್, ಆಂಡ್ರ್ಯೂ ಮೆಲ್ಟ್‌ಝಾಫ್, ಕ್ರಿಸ್ಟಿನಾ ಓಲ್ಸನ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 4, 5 ವರ್ಷದ ಮಕ್ಕಳಿಗೆ ಒಂದು ವಿಡಿಯೋ ತೋರಿಸಿದರು. ಅದರಲ್ಲಿ ದೊಡ್ಡವರೊಬ್ಬರು ಒಬ್ಬರ ಕಡೆ ನಗುತ್ತಾ ಬಾಗಿ ಮಾತಾಡುತ್ತಾರೆ, ಇನ್ನೊಬ್ಬರ ಜೊತೆ ಮುಖ ಗಂಟಿಕ್ಕಿ ಹಿಂದೆ ಸರಿದು ಮಾತಾಡುತ್ತಾರೆ. ಆಡುವ ಮಾತು ಎರಡೂ ಕಡೆ ಒಂದೇ. ಅಷ್ಟನ್ನು ನೋಡಿದ ಮಕ್ಕಳಲ್ಲಿ ಹೆಚ್ಚಿನವರು ನಗು ಸಿಕ್ಕವರನ್ನೇ ಮೆಚ್ಚಿದರು. ಅಷ್ಟಕ್ಕೇ ನಿಲ್ಲದೆ, ಆ ವ್ಯಕ್ತಿಗಳ ಗೆಳೆಯರ ಮೇಲೂ ಅದೇ ಭಾವನೆ ಹರಡಿತು. ಒಂದು ವಿಡಿಯೋಗೆ ಇಷ್ಟಾದರೆ ದಿನಾ ಹಿತ್ತಲಿಗೆ ಲೋಟ ಒಯ್ಯುವ ಮಗುವಿಗೆ ಎಷ್ಟಾಗಬೇಡ?

ಕಾಲೋನಿ ಹುಡುಗ

ಈ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಮೂರನೇ ತರಗತಿಯ ಇನ್ನೊಬ್ಬ ಹುಡುಗ. ಊರಾಚೆಯ ದಲಿತ ಕಾಲೋನಿಯವನು. "ಏ ರೀ" ಅಂತ ಕೂಗುವುದರಲ್ಲಿ ಅವನದೇ ಎತ್ತರದ ದನಿ. ಮೊದಲಿಗೆ ಟೀಚರಿಗೆ ಅರ್ಥವೇ ಆಗಿರಲಿಲ್ಲ, "ಇವನಾದ್ರೂ ಅವನ ಜೊತೆ ಇರಬೇಕಿತ್ತಲ್ವಾ?" ಅಂದರು. ನಾನು ಅವನನ್ನು ಒಂದೇ ಕೇಳಿದ್ದು, ಹೀಗೆ ಕೂಗಿದರೆ ನಿನಗೇನು ಸಿಗುತ್ತದೆ ಅಂತ. ಸ್ವಲ್ಪ ಹೊತ್ತು ನೆಲ ಕೆರೆದು, "ಈಗ ನನ್ನ ಫಸ್ಟೇ ಕರ್ಕತಾರೆ ಮಿಸ್" ಅಂದ.

ಲಗೋರಿ ಆಟದ ಮಾತು. ಗುಂಪು ಆರಿಸುವಾಗ ಕೊನೆಯವರೆಗೂ ಉಳಿಯುತ್ತಿದ್ದವನು ಇವನೇ. ಅದಕ್ಕೆ ಜಾತಿ ಕಾರಣ ಅಂತ ಆ ಕೋಣೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿಲ್ಲ. ಇವನಿಗೆ ಹೇಳಬೇಕಾಗಿಯೂ ಇರಲಿಲ್ಲ. ಈಗ ತನಗಿಂತ ಕೆಳಗೆ ಒಬ್ಬ ಬಂದ, ತಾನು ಕೊನೆಯವನಲ್ಲ. ಅದನ್ನು ಉಳಿಸಿಕೊಳ್ಳಲು ಎಲ್ಲರಿಗಿಂತ ಜೋರಾಗಿ ಕೂಗಬೇಕು. ಎಂಟು ವರ್ಷಕ್ಕೆ ಇಷ್ಟು ಲೆಕ್ಕ.

1940ರ ದಶಕದಲ್ಲಿ ಮನಶ್ಶಾಸ್ತ್ರಜ್ಞರಾದ ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ದಂಪತಿ ಅಮೆರಿಕದ ಕಪ್ಪು ಮಕ್ಕಳ ಮುಂದೆ ಬಿಳಿ ಗೊಂಬೆ, ಕಂದು ಗೊಂಬೆ ಇಟ್ಟು ಯಾವುದು ಚೆಂದ, ಯಾವುದು ಕೆಟ್ಟದ್ದು ಅಂತ ಕೇಳಿದ್ದರು. ಬಹುಪಾಲು ಮಕ್ಕಳು ಬಿಳಿ ಗೊಂಬೆಯನ್ನೇ ಚೆಂದ ಅಂದರು. ಶಾಲೆಗಳಲ್ಲಿ ಬಣ್ಣದ ಮೇಲೆ ಮಕ್ಕಳನ್ನು ಬೇರೆ ಮಾಡುವುದು ತಪ್ಪು ಅಂತ 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ಈ ಕೆಲಸವನ್ನೂ ಉಲ್ಲೇಖಿಸಿತು. ಯಾರನ್ನು ಕೀಳಾಗಿ ನೋಡುತ್ತಾರೋ ಆ ಮಗುವೂ ಅದೇ ಕಣ್ಣಿನಿಂದ ನೋಡಲು ಕಲಿಯುತ್ತದೆ. ಕಾಲೋನಿ ಹುಡುಗನನ್ನು ಬೈದು ಸರಿಮಾಡುತ್ತೇವೆ ಅಂದರೆ ಅದು ಅನ್ಯಾಯ ಅಂತ ನಾನು ಟೀಚರಿಗೆ ಸ್ಪಷ್ಟವಾಗಿ ಹೇಳಿದೆ. ಅವನನ್ನು ಮೊದಲು ಕರೆಯುವ ಹಾಗೆ ಆಟವೇ ಬದಲಾಗಬೇಕು.

ಏನು ಮಾಡಿದೆವು

ಟೀಚರ್ ಒಂದು ಯೋಚನೆ ಮಾಡಿದ್ದರು. ಆ ಹುಡುಗ ಚೆನ್ನಾಗಿ ಪದ ಹಾಡುತ್ತಾನೆ, ಪ್ರಾರ್ಥನೆ ಹೊತ್ತಿನಲ್ಲಿ ಎಲ್ಲರ ಮುಂದೆ ಹಾಡಿಸೋಣ ಅಂತ. ನಾನು ಬೇಡ ಅಂದೆ. ಬೇರೆ ಯಾವ ಮಗುವೂ ಪಕ್ಕದಲ್ಲಿ ಕೂರಿಸಿಕೊಳ್ಳಿ ಅಂತ ಹಾಡಿ ತೋರಿಸಬೇಕಾಗಿಲ್ಲ. ಮತ್ತೆ ಅವನೊಬ್ಬನನ್ನೇ ಮುಂದಕ್ಕೆ ಕರೆದರೆ ಮಾತ್ರೆ ದಿನ ಆದದ್ದೇ ಆಗುತ್ತದೆ. ಅವರು ಒಪ್ಪಿದರು.

ಮೊದಲು ಹಾಳೆ ಹೋಯಿತು. ಆಫೀಸಿನ ಲೆಕ್ಕ ಆಫೀಸಿನಲ್ಲೇ ಇರಲಿ, ತರಗತಿಯಲ್ಲಿ ಹೆಸರಿನ ಅಕ್ಷರದ ಸಾಲಿನಲ್ಲಿ ಎಲ್ಲರನ್ನೂ ಕರೆಯುವುದು. "ಕಬ್ಬಿನ ಮಕ್ಕಳು" ಅನ್ನುವ ಮಾತು ಬಂದ್. ಮೊಟ್ಟೆಯ ವಿಷಯ ಹೆಡ್‌ಮಾಸ್ಟರ್ ತಾವೇ ಹೊತ್ತರು: ಕೂತವರಿಗೆಲ್ಲ ಒಂದೇ ಸಾಲಿನಲ್ಲಿ ಬಡಿಸಿ, ಲೆಕ್ಕ ಆಮೇಲೆ ನಾನು ನೋಡ್ಕೋತೀನಿ. ನೀರಿಗೆ ನಲ್ಲಿ ಇರುವ ಡ್ರಮ್ಮು, ಪಕ್ಕದಲ್ಲಿ ಲೋಟಗಳು. ಯಾರೂ ಯಾರಿಗೂ ಹುಯ್ಯುವ ಹಾಗಿಲ್ಲ. ಟೀಚರೂ ಅದೇ ಲೋಟದಲ್ಲಿ ಮಕ್ಕಳ ಎದುರಿಗೇ ಕುಡಿಯತೊಡಗಿದರು, ಊಟಕ್ಕೂ ಅವರ ಮಧ್ಯೆ ಕೂತರು.

ಹುಳದ ಮಾತನ್ನು ಮುಚ್ಚಿಡದೆ ಬಿಚ್ಚಿದೆವು. ಆರೋಗ್ಯ ಸಹಾಯಕಿ ಬಂದು ಮಾತ್ರೆ ಪಟ್ಟಿ ತೋರಿಸಿದರು. ಎಲ್ಲರ ಹೆಸರೂ ಇತ್ತು. ಹುಡುಗಿ ಕೇಳಿದಳು: "ಹಂಗಾರೆ ನಂಗೂ ಹುಳ ಇತ್ತಾ ಆಂಟಿ?" "ಇದ್ರೂ ಇರಬೋದು, ನನ್ನ ಮಗಂಗೂ ಕೊಟ್ಟಿದೀನಿ" ಅಂದರು ಅವರು. ತರಗತಿ ಗೊಳ್ಳೆಂದು ನಕ್ಕಿತು. ಹುಳದ ಮಾತು ಆಮೇಲೆ ಬಹಳ ದಿನ ಬಾಳಲಿಲ್ಲ.

ಮುಖ್ಯವಾದದ್ದು ಜೋಡಿ ಕೆಲಸ. ಇದಕ್ಕೆ ಹೊಸದೇನೂ ತರಬೇಕಾಗಿರಲಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿಯಲ್ಲೇ ಅದು ಇದೆ. ನಲಿಕಲಿಯಲ್ಲಿ ಮಕ್ಕಳು ಕೂರುವ ಗುಂಪಿಗೆ ತಟ್ಟೆ ಅಂತಾರೆ. ಕಲಿಕೆ ಮುಂದುವರಿದ ಹಾಗೆ ಮಗು ಒಂದು ತಟ್ಟೆಯಿಂದ ಇನ್ನೊಂದಕ್ಕೆ ಹೋಗುತ್ತದೆ. ಸಹಪಾಠಿಗಳ ಬೆಂಬಲದ ತಟ್ಟೆಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಡಬೇಕು. ಈ ತರಗತಿಯಲ್ಲಿ ಅದು ಹೆಸರಿಗಷ್ಟೇ ಇತ್ತು, ಮಕ್ಕಳು ತಮಗೆ ಬೇಕಾದವರ ಜೊತೆ ಕೂರುತ್ತಿದ್ದರು. ಅಕ್ಷರದ ಸಾಲಿನಲ್ಲಿ ಜೋಡಿ ಮಾಡಿದೆವು, ಇಬ್ಬರಿಗೂ ಸೇರಿ ಒಂದೇ ಕಾರ್ಡು. ಈ ದಾರಿ ಹಿಡಿಯಲು ದೆಹಲಿಯ ಒಂದು ಅಧ್ಯಯನ ನನಗೆ ಧೈರ್ಯ ಕೊಟ್ಟಿತ್ತು. ಅಲ್ಲಿನ ಶ್ರೀಮಂತ ಖಾಸಗಿ ಶಾಲೆಗಳಿಗೆ ಬಡ ಮಕ್ಕಳು ಸೇರಿದ ಮೇಲೆ ಏನಾಯಿತು ಅಂತ ಅರ್ಥಶಾಸ್ತ್ರಜ್ಞ ಗೌತಮ್ ರಾವ್ ಅಳೆದು ನೋಡಿದ್ದರು, 2019ರಲ್ಲಿ ಅದು ಪ್ರಕಟವಾಯಿತು. ಬಡ ಮಕ್ಕಳ ಜೊತೆ ಓದಿದ ಶ್ರೀಮಂತ ಮಕ್ಕಳು ಭೇದ ಮಾಡುವುದು ಕಡಿಮೆಯಾಗಿತ್ತು, ಕೊಡುವ ಮನಸ್ಸು ಜಾಸ್ತಿಯಾಗಿತ್ತು. ಕೆಲವು ಶಾಲೆಗಳಲ್ಲಿ ಓದುವ ಗುಂಪುಗಳನ್ನು ಹೆಸರಿನ ಅಕ್ಷರದ ಸಾಲಿನಲ್ಲಿ ಮಾಡುತ್ತಿದ್ದರು. ಹಾಗೆ ನೇರವಾಗಿ ಒಟ್ಟಿಗೆ ಕೂತು ಓದಿದ್ದೇ ಈ ಬದಲಾವಣೆಯ ದೊಡ್ಡ ಕಾರಣ ಅಂತ ಅವರು ತೋರಿಸಿದರು.

ಅಕ್ಷರದ ಸಾಲಿನಲ್ಲಿ ನಮ್ಮ ಹುಡುಗನಿಗೆ ಜೋಡಿಯಾದವಳು ಆ ಆರು ವರ್ಷದ ಹುಡುಗಿಯೇ. ಮೊದಲ ಕೆಲವು ದಿನ ಕಾರ್ಡನ್ನು ಇಬ್ಬರ ಮಧ್ಯೆ ನೆಲದ ಮೇಲಿಟ್ಟು ಬೆರಳ ತುದಿಯಲ್ಲಿ ದೂಡುತ್ತಿದ್ದಳು. ಓದುವುದರಲ್ಲಿ ಅವಳು ಮುಂದೆ, ಕೂಡುವ ಕಳೆಯುವ ಲೆಕ್ಕದಲ್ಲಿ ಅವನು ಮುಂದೆ. ಒಬ್ಬರನ್ನು ಬಿಟ್ಟು ಒಬ್ಬರಿಗೆ ಕಾರ್ಡು ಮುಗಿಯದು. ಒಂದು ದಿನ ಟೀಚರ್ ಫೋನ್ ಮಾಡಿ, "ಇವತ್ತು ಇಬ್ರೂ ಕೈಕೈ ಮಿಲಾಯಿಸಿ ಕಿತ್ತಾಡಿದ್ರು ಮೇಡಂ" ಅಂದರು. ಯಾಕೆ ಅಂದರೆ ರಬ್ಬರ್‌ಗೆ. ಅವಳು ಅವನ ಕೈಯಿಂದ ಕಿತ್ತುಕೊಂಡಳು, ಅವನು ಅವಳ ಜಡೆ ಎಳೆದ. ಹುಳದ ಸುದ್ದಿ ಇಲ್ಲ, ರೀ ಇಲ್ಲ. ಆ ಜಗಳದ ಸುದ್ದಿ ನನಗೆ ಹಿಡಿಸಿತು. ಮುಟ್ಟಬಾರದವರ ಜೊತೆ ಯಾರೂ ರಬ್ಬರ್‌ಗೆ ಕೈ ಹಚ್ಚುವುದಿಲ್ಲ.

ಈಗ ಎಲ್ಲಿದೆ

ಕಬ್ಬು ಕಡಿದು ಮುಗಿದ ಮೇಲೆ ಆ ಕುಟುಂಬ ಹೋಯಿತು. ಹೋಗುವ ಹೊತ್ತಿಗೆ ಹುಡುಗ ಸಾಲಿನ ನಡುವೆ ಕೂತು ಮೊಟ್ಟೆ ತಿನ್ನುತ್ತಿದ್ದ, ತಂಗಿ ಲೋಟದಲ್ಲಿ ನೀರು ಕುಡಿಯುತ್ತಿದ್ದಳು. ಮುಂದಿನ ಶಾಲೆಯಲ್ಲಿ ಅವರಿಗೆ ಇನ್ನೊಂದು ಪ್ರತ್ಯೇಕ ಹಾಳೆ ಕಾಯುತ್ತಿರುವ ಸಾಧ್ಯತೆಯೇ ಜಾಸ್ತಿ.

ಹುಡುಗಿಯ ಅಪ್ಪನ ಜೊತೆ ಮತ್ತೆ ಮಾತಾಡಿದೆ. ಪೇಪರ್ ಲೋಟದ ಮಾತಿಗೆ ಮೊದಲು ಸಿಟ್ಟಾದರು, ಆಮೇಲೆ ಸುಮ್ಮನಾದರು. ಈಗ ಕೂಲಿಯವರಿಗೆ ಕಾಫಿ ಒಯ್ಯಲು ಮಗಳನ್ನು ಕಳಿಸುತ್ತಿಲ್ಲವಂತೆ. ಲೋಟ ಪೇಪರಿನದೇ. ಅಜ್ಜಿ ಬದಲಾಗಿಲ್ಲ.

ಕಾಲೋನಿ ಹುಡುಗನ ವಿಷಯದಲ್ಲಿ ಕೆಲಸ ಅರ್ಧವೂ ಆಗಿಲ್ಲ. ಲಗೋರಿಗೆ ನಾಯಕರು ಆರಿಸುವುದನ್ನು ನಿಲ್ಲಿಸಿ ಒಂದು, ಎರಡು, ಒಂದು, ಎರಡು ಅಂತ ಎಣಿಸಿ ಗುಂಪು ಮಾಡುತ್ತಾರೆ. ಹಾಗಾಗಿ ಅವನು ಕೊನೆಗೆ ಉಳಿಯುವುದಿಲ್ಲ. ಆದರೆ ಬಳ್ಳಾರಿ ಹುಡುಗ ಹೋದ ಮೇಲೆ ಅವನು ಮಂಕಾಗಿದ್ದಾನೆ ಅಂತ ಟೀಚರ್ ಹೇಳುತ್ತಾರೆ. ಸಂಜೆ ಶಾಲೆ ಬಿಟ್ಟ ಮೇಲೆ ಊರ ಮಕ್ಕಳು ಬೀದಿಯಲ್ಲಿ ತಾವೇ ಗುಂಪು ಆರಿಸುತ್ತಾರೆ, ಅಲ್ಲಿ ಎಣಿಸುವವರು ಯಾರೂ ಇಲ್ಲ. ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಈ ವಿಷಯ ಇಡುವುದಾಗಿ ಹೆಡ್‌ಮಾಸ್ಟರ್ ಒಪ್ಪಿದ್ದಾರೆ. ಕಾಲೋನಿಯ ತಾಯಂದಿರೂ ಆ ಸಭೆಗೆ ಬರಬೇಕು, ಹಿಂದಿನ ಬೆಂಚಿನಲ್ಲಿ ಕೂರದೆ ಮಾತಾಡಬೇಕು ಅಂತ ಅವರ ಮನೆಗಳಿಗೆ ಹೋಗಿ ಕರೆಯುತ್ತಿದ್ದೇವೆ.